ಅಂಬಾರಾಯನ ಪಾಳಿ

ನೇರಳಗಾಂವ
ಗಿರಣಿ ಶಕೆ ನೂರ ಎಪ್ಪತ್ತು, ಎಳ್ಳ ಅಮಾವಾಸ್ಯೆಯ ಮರುದಿನ

ಸಂಘದ ಅಧ್ಯಕ್ಷೆ ಜಗದೇವಮ್ಮನವರಿಗೆ ನೂರಂದಮ್ಮನ ಶರಣು ಶರಣಾರ್ಥಿ.

ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ನೀವೆಲ್ಲ ಕೂಡಿ ಊರಿಗೆ ಬೇಳೆ ಗಿರಣಿ ತಂದಿರಲ್ಲ, ಆ ವರ್ಷದಿಂದಲೇ ನಮ್ಮಲ್ಲಿ ಕಾಲ ಎಣಿಸುವ ರೂಢಿ ಬಿದ್ದಿದೆ. ನಿಮ್ಮ ಲೆಕ್ಕದಲ್ಲಿ ನಾನು ಇನ್ನೂ ಆರು ತಲೆಮಾರಿನ ಆಚೆ ಹುಟ್ಟಬೇಕಾದವಳು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ, ಭಾಷೆಗೂ ವಯಸ್ಸಾಗುತ್ತದೆ. ನಿಮ್ಮನ್ನು ಆಯಿ, ಅಂದರೆ ಅಜ್ಜಿ, ಎನ್ನಬೇಕು ನಾನು. ಆದರೆ ಈ ಕಾಗದ ಓದುವ ಜಗದೇವಮ್ಮನಿಗೆ ಇನ್ನೂ ನಲವತ್ತು ತುಂಬಿಲ್ಲ, ಬರೆಯುವ ನನಗೆ ಅರವತ್ತು ದಾಟಿದೆ. ತಲೆ ನೆರೆತವಳು ಕಪ್ಪು ಕೂದಲಿನವಳನ್ನು ಆಯಿ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ, ನಾನು ಹಾಗೇ ಕರೆಯುತ್ತೇನೆ.

ಮೊದಲು ಊರಿನ ಸುದ್ದಿ. ತೊಗರಿ ಇನ್ನೂ ಬೆಳೆಯುತ್ತೇವೆ. ಕರಿ ಮಣ್ಣು ಇನ್ನೂ ಕಾಲಿಗೆ ಮೆತ್ತಿಕೊಳ್ಳುತ್ತದೆ, ಅದನ್ನು ಬಿಡಿಸುವ ಯಂತ್ರ ಯಾರೂ ಕಂಡುಹಿಡಿದಿಲ್ಲ. ನಿನ್ನೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ತಿಂದು ಬಂದೆವು. ರಾಶಿಯಾದ ಮೇಲೆ ಚೀಲ ಹೊತ್ತೊಯ್ಯಲು ಮನೆಮನೆಗೆ ಮೂಕಗಾಡಿ ಬರುತ್ತದೆ. ಅದಕ್ಕೆ ಚಾಲಕನಿಲ್ಲ, ಸದ್ದೂ ಇಲ್ಲ. ನಮ್ಮ ಮುದುಕರು ಅದರ ಜೊತೆ ಸುಮ್ಮನೆ ಮಾತಾಡುತ್ತ ನಡೆಯುತ್ತಾರೆ. ನಿಮ್ಮ ಗಿರಣಿ ಈಗ ಬಿಸಿಲಗಿರಣಿ. ಬಿಸಿಲೊಂದನ್ನೇ ಉಂಡು ತಿರುಗುತ್ತದೆ, ಅದಕ್ಕೇನು ಕಲಬುರ್ಗಿ ಸೀಮೆಯಲ್ಲಿ ಬರವೇ? ಬೇಳೆ ದೂರದ ಯಾವುದೋ ಊರಿನ ಅಡುಗೆಮನೆ ತಲುಪಿದ ದಿನ, ಅದನ್ನು ಬೆಳೆದವಳ ಮನೆಗೆ ಊಟಪಾಲು ಬರುತ್ತದೆ. ಉಣ್ಣುವವನು ಕೊಟ್ಟ ಬೆಲೆಯಲ್ಲಿ ಬೆಳೆದವಳಿಗೆ ಸಲ್ಲುವ ಪಾಲಿಗೆ ನಾವಿಟ್ಟ ಹೆಸರು ಅದು. ಎರಡೆಕರೆಯವಳು ಆ ಎರಡೆಕರೆಯಲ್ಲೇ ಮಕ್ಕಳನ್ನು ಓದಿಸುತ್ತಾಳೆ, ಹಲ್ಲು ನೋಯುತ್ತಿದ್ದರೆ ಆ ವಾರವೇ ತೋರಿಸಿಕೊಳ್ಳುತ್ತಾಳೆ, ವರ್ಷಕ್ಕೊಮ್ಮೆ ಸಮುದ್ರ ನೋಡಿಬರುತ್ತಾಳೆ. ಬಂದು, ಅಷ್ಟು ನೀರಿದ್ದರೂ ಕುಡಿಯಲು ಬರುವುದಿಲ್ಲವೆಂದು ಬೈಯುತ್ತಾಳೆ.

ನಿಮ್ಮ ಕಾಲದ ಕಥೆಯನ್ನು ಮಕ್ಕಳಿಗೆ ಹೇಳಿದರೆ ಅವರು ನಂಬುವುದೇ ಇಲ್ಲ. ತೊಗರಿ ಬೆಳೆದವರು ಬೇಳೆಯನ್ನು ಅಂಗಡಿಯಲ್ಲಿ ಕೊಂಡು ತಿನ್ನುತ್ತಿದ್ದರಂತೆ! ತಮ್ಮದೇ ಕಾಳು ಪೇಟೆಗೆ ಹೋಗಿ, ಸಿಪ್ಪೆ ಬಿಚ್ಚಿಕೊಂಡು, ದುಪ್ಪಟ್ಟು ಬೆಲೆ ಹಚ್ಚಿಕೊಂಡು ವಾಪಸು ಬರುತ್ತಿತ್ತಂತೆ. ತುಂಡು ಹೊಲದ ಒಬ್ಬೊಬ್ಬರ ಕೈಲಾಗದ ಗಿರಣಿಯನ್ನು ನೀವು ಎಲ್ಲರೂ ಕೂಡಿ ನಿಲ್ಲಿಸಿದಿರಿ. ಅದೇ ದೊಡ್ಡ ಮಾತು. ಆದರೆ ಆಯಿ, ನಾನು ನಿಮಗೆ ಕೈ ಮುಗಿಯುವುದು ಗಿರಣಿಗಾಗಿ ಅಲ್ಲ. ಗಿರಣಿ ಕಟ್ಟಿದವರು ಬಹಳ ಮಂದಿ ಇದ್ದರು, ಅವರ ಗಿರಣಿಗಳಲ್ಲಿ ಆಮೇಲೆ ಪಾರಿವಾಳ ಗೂಡು ಕಟ್ಟಿದವು.

ನಿಮ್ಮ ಕಳೆದ ಸುಗ್ಗಿಯಲ್ಲಿ ನೀವು ಮಾಡಿದ್ದನ್ನು ನಿಮಗೇ ಹೇಳಬೇಕಿಲ್ಲ. ಆದರೂ ಆರು ತಲೆಮಾರು ಅದನ್ನು ಹೇಗೆ ನೆನೆದಿದೆ ಎಂದು ಕೇಳಿ. ಪೇಟೆಯ ದಲಾಲ ಸಂಘಕ್ಕಿಂತ ಹೆಚ್ಚಿನ ದರ ಕೂಗಿದ, ಅದೂ ನಿಂತ ಕಾಲಲ್ಲಿ ರೊಕ್ಕ. ಸಂಘವೋ, ಬೇಳೆ ಮಾರಿದ ಮೇಲೆ ಉಳಿದದ್ದು ಕೊಡುತ್ತೇನೆ ಎನ್ನುತ್ತಿತ್ತು. ತೊಗರಿಯೆಲ್ಲ ಗಿರಣಿಗೇ ಎಂದು ಮಾತು ಕೊಟ್ಟಿದ್ದ ಅಂಬಾರಾಯ ಮೊದಲು ಜಾರಿದ. ಅವನ ಹಿಂದೆ ಇನ್ನಷ್ಟು ಮನೆ. ತೂಕದ ದಿನ ನೀವು ಚೀಲ ತೂಗುವ ಕಾಂಟಾದ ಬಳಿ ನಿಂತು ಒಬ್ಬೊಬ್ಬರ ಪಾಳಿ ಕೂಗುತ್ತ ಅವನ ಹೆಸರಿಗೆ ಬಂದಾಗ ಜನ ಸಿಟ್ಟಿಗೆದ್ದರು.

"ಉಂಡ ಮನಿಗಿ ಎರಡು ಬಗೆದಾಂವ ಅವ. ಹೋದಾಂವ ಹೋದ, ಹೆಸರು ಹೊಡ್ದು ಹಾಕ್ರಿ!"

ನೀವು ಅಂದಿರಿ: "ಪಾಳಿ ಅವಂದದ. ಅವ ಬರಲಿಲ್ಲಂದ್ರ ಖಾಲಿ ಇರ್ತದ. ಬ್ಯಾರೆದವ್ರಿಗಿ ಕೊಡಂಗಿಲ್ಲ."

ಅವನ ಚೀಲ ತೂಗಲು ಹಿಡಿಯುವಷ್ಟು ಹೊತ್ತು ಖಾಲಿ ಕಾಂಟಾ ಮುಂದೆ ಸುಮ್ಮನೆ ನಿಂತಿರಿ. ಬಿಸಿಲಲ್ಲಿ ಕಾದವರು ನಿಮ್ಮನ್ನು ಬಾಯಿಗೆ ಬಂದಂತೆ ಬೈದರು. ನಿಮ್ಮ ಯಜಮಾನರೂ ಬೈದರಂತೆ. ತೆನೆ ತೆನೆ ಕೂಡಿದರೆ ರಾಶಿ ಎನ್ನುವ ಗಾದೆ ಎಲ್ಲರ ಬಾಯಲ್ಲೂ ಇತ್ತು; ಒಂದು ತೆನೆ ಎದ್ದುಹೋದರೆ ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ. ಹೋದವರ ಹೆಸರನ್ನೆಲ್ಲ ಹೊಡೆದುಹಾಕುತ್ತ ಬಂದರೆ ಗಿರಣಿಯ ಹೊಟ್ಟೆ ತುಂಬುವಷ್ಟು ತೊಗರಿಯೇ ಉಳಿಯುವುದಿಲ್ಲ, ದಲಾಲ ಕಾಯುತ್ತಿರುವುದು ಅದನ್ನೇ ಎಂದು ನಿಮಗೆ ಹೊಳೆದಿತ್ತು.

ಈ ಕಾಗದ ನಿಮ್ಮ ಕೈ ಸೇರುವುದಿದ್ದರೆ, ಅವನು ಬಿಟ್ಟುಹೋಗಿ ಇನ್ನೂ ಬಾರದಿರುವ ಈ ಮಧ್ಯದ ತಿಂಗಳುಗಳಲ್ಲಿ ಸೇರಲಿ. ನೀವು ಒಳಗೊಳಗೇ ಸೋತಿರುವ ಕಾಲ ಇದು. ಧೈರ್ಯ ತಂದುಕೊಳ್ಳಿ. ಅಂಬಾರಾಯ ಬರುತ್ತಾನೆ. ಸಂಘ ಮುರಿಯಿತೆಂದುಕೊಂಡ ದಲಾಲ ಮುಂದಿನ ಸುಗ್ಗಿಗೆ ದರ ಇಳಿಸುತ್ತಾನೆ, ಕಾಳು ಸಣ್ಣದೆಂದು ಮೂಗು ಮುರಿಯುತ್ತಾನೆ. ಅಂಬಾರಾಯ ಚೀಲ ಹೇರಿದ ಬಂಡಿಯೊಂದಿಗೆ ಗೇಟಿನ ಹೊರಗೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಒಳಗಿನಿಂದ ತನ್ನ ಹೆಸರು ಕೇಳಿ ಅಲ್ಲೇ ಅತ್ತುಬಿಡುತ್ತಾನೆ. ನೀವು ಹೊರಗೆ ಬಂದು, "ಯಾಕ ನಿಂತಿ? ಪಾಳಿ ನಿಂದೇ ಅದ, ಬಾ. ಚಾ ಆಗ್ಯಾದೇನು?" ಎನ್ನುತ್ತೀರಿ. ಅದರಾಚೆ ಒಂದು ಮಾತೂ ಕೇಳುವುದಿಲ್ಲ. ಅವನ ಹಿಂದೆ ಹೋದ ಮನೆಗಳೆಲ್ಲ ಅವನ ಹಿಂದೆಯೇ ಬರುತ್ತವೆ.

ಅಂದಿನಿಂದ ಯಾರು ಹೊರಗೆ ಮಾರಿದರೂ ಅವರ ಪಾಳಿ ಖಾಲಿ ಇಟ್ಟು ಕಾಯುತ್ತೇವೆ. ಅದಕ್ಕೆ ಅಂಬಾರಾಯನ ಪಾಳಿ ಎಂದೇ ಹೆಸರು. ಪರವೂರಿನವರು ನೋಡಿ ಇದೇನೋ ದೇವರ ಕಾರ್ಯ ಎಂದುಕೊಳ್ಳುತ್ತಾರೆ. ಒಬ್ಬ ಪುಣ್ಯಾತ್ಮ ಕಾಂಟಾದ ಮೇಲೆ ಕಾಯಿ ಒಡೆದು, ಅದನ್ನು ರಿಪೇರಿಗೆ ಕಳಿಸುವ ಹಾಗೆ ಮಾಡಿದ.

ಈಗ ನನ್ನ ಸಂಕಟ. ನೀವು ಕೂತ ಜಾಗದಲ್ಲಿ ನಾನಿದ್ದೇನೆ. ಈ ವರ್ಷ ಕಾಗಿಣಾ ಹೊಳೆಯ ಆಚೆ ದಂಡೆಯ ಅರ್ಧ ಊರು, ನಮ್ಮ ಸಂಘಕ್ಕೆ ಬರಬೇಕಿದ್ದ ತೊಗರಿಯನ್ನು ಹೊರದೇಶಕ್ಕೆ ಸಾಗಿಸುವ ಹಡಗಿನ ಕಂಪನಿಯೊಂದಕ್ಕೆ ಕೊಟ್ಟಿತು. ಮುಂದೆ ನಿಂತು ಕೊಡಿಸಿದವಳು ನನ್ನ ಒಡಹುಟ್ಟಿದ ತಂಗಿ ಮಹಾನಂದಾ. ಮೊನ್ನೆಯ ಸಭೆಯಲ್ಲಿ, ಪಾಳಿ ಕಾಯುವುದು ಒಬ್ಬಿಬ್ಬರು ಜಾರಿದಾಗ, ಅರ್ಧ ಊರನ್ನೇ ಕರೆದೊಯ್ದವಳಿಗಲ್ಲ, ಅವಳ ಹೆಸರು ಕೂಗಿದರೆ ನನ್ನನ್ನೇ ಇಳಿಸುತ್ತೇವೆ ಎಂದರು. "ತಂಗಿ ಅಂತ ಕಾಯ್ತಿ, ಬ್ಯಾರೆ ಯಾರರೆ ಆಗಿದ್ರ ಕಾಯ್ತಿದ್ದೇನು?" ಎಂದು ಒಬ್ಬರು ಕೇಳಿದರು. ಆ ಮಾತು ಚುಚ್ಚಿತು. ಅವಳ ಮೇಲಿನ ಸಿಟ್ಟು ಅವರೆಲ್ಲರಿಗಿಂತ ನನಗೇ ಹೆಚ್ಚು ಎಂದು ಹೇಳಿದರೆ ಯಾರು ನಂಬುತ್ತಾರೆ? ಬೇರೆಯವಳಾಗಿದ್ದರೆ ಕೂಗುವುದು ನನಗೆ ಸುಲಭವಿತ್ತು.

ನಿಮಗೆ ಅಂಬಾರಾಯ ಬರುತ್ತಾನೆಂದು ಹೇಳಲು ನಾನಿದ್ದೇನೆ. ಮಹಾನಂದಾ ಬರುತ್ತಾಳೋ ಇಲ್ಲವೋ ಎಂದು ನನಗೆ ಹೇಳುವವರು ಯಾರೂ ಇಲ್ಲ. ನಿಮಗೂ ಆ ದಿನ ಯಾರೂ ಇರಲಿಲ್ಲ, ಆದರೂ ಕೂಗಿದಿರಿ. ನಾನು ನಿಮ್ಮಲ್ಲಿ ಮೆಚ್ಚುವುದು ಇದೊಂದನ್ನೇ, ಇಷ್ಟುದ್ದ ಬರೆದದ್ದೂ ಇದಕ್ಕೇ.

ನಾಳೆ ತೂಕ. ಕುರ್ಚಿ ಹೋದರೆ ಹೋಗಲಿ, ಅವಳ ಪಾಳಿ ಬಂದಾಗ ಹೆಸರು ಕೂಗುತ್ತೇನೆ. ಹೊಳೆಯಾಚೆಗೂ ಕೇಳುವ ಹಾಗೆ ಕೂಗುತ್ತೇನೆ.

ನಿಮ್ಮ
ನೂರಂದಮ್ಮ