ಹೆಗಲ ಮೇಲೆ ಉಳಿದ ಕೈ

ಚೆಂಬೂರು
ಜುಲೈ ೨೮

ಮಾಟುಂಗದ ಸಂಘದ ಕಾರ್ಯದರ್ಶಿಗಳಿಗೆ ನಮಸ್ಕಾರ.

ಕಾರ್ಗಿಲ್‌ನಲ್ಲಿ ಮಡಿದ ಫಕೀರಪ್ಪನ ಹೆಸರಿನಲ್ಲಿ ವಿದ್ಯಾರ್ಥಿನಿಧಿ ಮಾಡುತ್ತೇವೆ, ಫೋಟೊ ಕೊಡಿ ಎಂದಿರಿ. ನಮ್ಮಲ್ಲಿದ್ದದ್ದು ಒಂದೇ. ಅದರಲ್ಲಿ ಫಕೀರಪ್ಪನೂ ನಮ್ಮ ಯಜಮಾನರು ಬಸವಂತರೂ ಜೋಡಿಯಾಗಿ ನಿಂತಿದ್ದರು. ಎಡಗಡೆಯವನು ಫಕೀರಪ್ಪ ಎಂದು ಫೋಟೊದ ಹಿಂಬದಿಯಲ್ಲಿ ಬರೆದೇ ಕೊಟ್ಟಿದ್ದೆ. ನೀವು ಎತ್ತರದ, ಮೀಸೆಯ ಆಳನ್ನು ಉಳಿಸಿಕೊಂಡು ಇನ್ನೊಬ್ಬನನ್ನು ಕತ್ತರಿಸಿದಿರಿ.

ಭಾನುವಾರ ನಿಧಿಯ ಸಮಾರಂಭಕ್ಕೆ ಯಜಮಾನರು ಕೃತಕ ಕಾಲಿನಲ್ಲಿ ಎರಡು ಲೋಕಲ್ ರೈಲು ಬದಲಿಸಿ ಬಂದರೆ, ಅವರ ಫೋಟೊಗೇ ಗಂಧದ ಹಾರ ಬಿದ್ದಿತ್ತು. “ಸಾಹೇಬ್ರ, ಇದು ನಾನರೀ” ಎಂದಾಗ ನೀವು, “ದಾನಿಗಳು ಬಂದು ಕೂತಿದ್ದಾರೆ ಮಾರಾಯ್ರೆ, ಇವತ್ತೊಂದು ದಿನ ಅಡ್ಜಸ್ಟ್ ಮಾಡಿ” ಎಂದು ಅವರನ್ನು ಕೊನೆಯ ಸಾಲಿನಲ್ಲಿ ಕೂರಿಸಿದಿರಿ. ಒಂದು ನಿಮಿಷದ ಮೌನಕ್ಕೆ ಅವರೂ ಎದ್ದು ನಿಂತರಂತೆ. ಯಾಕೆ ನಿಂತಿರಿ ಎಂದು ಸಿಟ್ಟಿನಿಂದ ಕೇಳಿದೆ. “ನಾ ಫಕೀರಪ್ಪನ ಸಲವಾಗಿ ನಿಂತ್ನಿ” ಎಂದರು.

ಶಾಲು, ಹಣ್ಣಿನ ಬುಟ್ಟಿ ಕಳಿಸಬೇಡಿ. ಕ್ಷಮೆ ಕೇಳಲು ಕಮಿಟಿಯವರನ್ನೂ ಕಳಿಸಬೇಡಿ. ಕತ್ತರಿಸಿದ ಅರ್ಧ ಫೋಟೊ ಕಳಿಸಿ, ಕಸದಲ್ಲಿದ್ದರೆ ಹುಡುಕಿಸಿ. ಯುದ್ಧದಲ್ಲಿ ಕಾಲು ಹೋದ ಯಜಮಾನರನ್ನು ಹೊತ್ತು ತಂದು ಬದುಕಿಸಿ, ಇನ್ನೊಬ್ಬ ಗಾಯಾಳುವನ್ನು ತರಲು ಹೋಗಿ ತಿರುಗಿ ಬಾರದವನು ಅದರಲ್ಲಿದ್ದಾನೆ.

ಗುರುತು ಸಿಗುವುದು ಕಷ್ಟವಲ್ಲ. ನೀವು ಹಾರ ಹಾಕಿದ ಫೋಟೊದಲ್ಲಿ ಯಜಮಾನರ ಹೆಗಲ ಮೇಲೆ ಇನ್ನೊಬ್ಬರ ಕೈಯೊಂದು ಉಳಿದಿದೆ, ನೋಡಿ. ಆ ಕೈ ಯಾರದೋ ಅವನೇ ಫಕೀರಪ್ಪ.

ಇಂತಿ,
ಕಸ್ತೂರಿ ಹುದ್ದಾರ

ಓದಿ ನೋಡಿದ್ದೇನೆ, ಎಲ್ಲವೂ ನಿಜ.
ಬಸವಂತ ಹುದ್ದಾರ