ಮೊದಲ ದಿನ ಕೊಟ್ಟ ರಕ್ತ

ಸಿರುಮುಗೈ, ೨೦೦೮

ಅಪ್ಪಾ,

ನಿಮಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದರೂ ಇವತ್ತು ನಡೆದದ್ದನ್ನು ನಮ್ಮ ಮನೆಮಾತಿನಲ್ಲೇ ಬರೆಯುತ್ತಿದ್ದೇನೆ.

ಕೊಯಮತ್ತೂರಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನೂ ಅಮ್ಮನನ್ನೂ ಕರೆಸಿದ್ದರು. ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ದಿನ ನೀವು ಸಂಶೋಧನೆಗೆಂದು ರಕ್ತ ಕೊಟ್ಟಿದ್ದಿರಲ್ಲ, ಅದರ ಪರೀಕ್ಷೆ ನೀವು ತೀರಿಕೊಂಡ ಮೇಲೆ, ಈಗ ಮುಗಿದಿದೆಯಂತೆ. ರಕ್ತದಲ್ಲಿ ಒಂದು ಅಂಶ ಏರಿದ್ದವರಲ್ಲಿ ಹೆಚ್ಚಿನವರು ಬಹಳ ಕಾಲ ಉಳಿದಿಲ್ಲ, ನಿಮಗೆ ಅದು ಮೊದಲ ದಿನವೇ ತುಂಬ ಏರಿತ್ತು ಎಂದರು. ಆಗ ಅವರಿಗೂ ಅದು ತಿಳಿದಿರಲಿಲ್ಲವಂತೆ.

ಅಮ್ಮ ತಮಿಳಿನಲ್ಲಿ, "ಇನ್ನು ಬರುವವರಿಗಾದರೂ ಮೊದಲೇ ಹೇಳಿಬಿಡಿ ತಾಯಿ, ಅವರು ಮನೆಗೆ ಹೋಗಲಿ" ಎಂದು ಕೈಮುಗಿದಳು.

ಆಗ ಆಸ್ಪತ್ರೆಯಲ್ಲಿ, ಊರಿಗೆ ಹೋಗೋಣ, ಮಗ್ಗದ ಮೇಲಿರುವ ಸೀರೆ ಮುಗಿಸಬೇಕು ಎಂದು ನೀವು ಕೇಳುತ್ತಲೇ ಇದ್ದಿರಿ. ಇದೊಂದು ಇಂಜೆಕ್ಷನ್ ಆಗಲಿ ಅಪ್ಪಾ ಎಂದು ನಾನು ಹೇಳುತ್ತಲೇ ಇದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಕಣ್ಣೂ, ಆವತ್ತೇ ಹೇಳಿದ್ರೂ ನಾವು ನಂಬ್ತಿರ್ಲಿಲ್ಲ. ಇನ್ನೊಂದು ಇಂಜೆಕ್ಷನ್ ಊಸಿ ಹಾಕ್ಸಿ ನೋಡೋಣ ಅಂತಿದ್ವು."

ನಾವು ಎಂದಳು, ಅಪ್ಪಾ. ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗೋಣ ಎಂದು ಅವಳೂ ದಿನಾ ನನ್ನನ್ನು ಕೇಳುತ್ತಿದ್ದಳು.