ಹಸುವಿನ ಕಾಲ ಬಳಿ ನನ್ನ ಹೆಸರು

ವಡಪಳನಿ, ಚೆನ್ನೈ
9-11-2003

ನಮಿತಾಳ ಅಪ್ಪನವರಿಗೆ,

ಚಂದ್ರಮತಿಯ ನಮಸ್ಕಾರ. ನಾನೂ ಮಗಳೂ ಸೌಖ್ಯ. ನಿಮ್ಮ ಮೊಣಕಾಲು ನೋವು ಈಗ ಹೇಗುಂಟು?

ಕಾಗದ ಸಿಕ್ಕಿ ಹತ್ತು ದಿನವಾಯಿತು. ಪುರಸೈವಾಕ್ಕಂ ಹೋಟೆಲಿನ ಅಡುಗೆ ಬಿಟ್ಟು ಊರಿಗೆ ಹೋದ ಎರಡೇ ವರ್ಷದಲ್ಲಿ ಮೂಲ್ಕಿಯಲ್ಲಿ ಸ್ವಂತ ಹೋಟೆಲು ಇಟ್ಟಿರಿ, ಸಂತೋಷ. ಆದರೆ ‘ಆ ಗೊಂಬೆ ಕೆಲಸ ಬಿಟ್ಟು ಬರುವುದಾದರೆ ಬಾ, ಇಲ್ಲದಿದ್ದರೆ ಅಲ್ಲೇ ಇರು’ ಎಂದು ಬರೆದಿದ್ದೀರಿ. ಇಲ್ಲೇ ಇರುತ್ತೇನೆ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ.

ಸಿನಿಮಾ ಸೆಟ್ಟಿನ ಶೆಡ್ಡಿಗೆ ಪ್ಲಾಸ್ಟರ್ ಕಲಸಲು ನನ್ನನ್ನು ಮೊದಲು ಕಳಿಸಿದ್ದು ನೀವೇ. ಊಟದ ಹೊತ್ತಲ್ಲಿ ಸುಮ್ಮನೆ ಮಾಡಿದ ಮಣ್ಣಿನ ಗಿಳಿ ನೋಡಿ ಶೆಡ್ಡಿನ ಅಂದಾನಿ ಮೇಸ್ತ್ರಿಗಳು ‘ಈಕಿ ಕೈಯಾಗ ಜೀವ ಐತಿ’ ಅಂದರು. ಅಲ್ಲಿಂದ ಎಂಟು ವರ್ಷ ಸಿಂಹ, ಕಂಬ, ದ್ವಾರಪಾಲಕರು ಎಲ್ಲ ಮಾಡಿದೆ. ಶೂಟಿಂಗ್ ಮುಗಿದ ಮರುದಿನವೇ ಒಡೆಯುತ್ತಾರೆ. ನಾನು ಬೇಸರ ಮಾಡಿಕೊಂಡರೆ ನೀವು, ‘ದಿನಕ್ಕೆ ಮುನ್ನೂರು ದೋಸೆ ಹೊಯ್ಯುತ್ತೇನೆ, ಒಂದಕ್ಕಾದರೂ ಹೆಸರು ಬರೆದಿದ್ದೇನಾ’ ಅನ್ನುತ್ತಿದ್ದಿರಿ. ಅದಕ್ಕೆ ನನ್ನ ಉತ್ತರ ಈಗ ಕೇಳಿ. ನಿಮ್ಮ ದೋಸೆ ಒಬ್ಬರ ಹೊಟ್ಟೆ ತುಂಬಿಸಿ ಮುಗಿಯುತ್ತದೆ. ನಾನು ಎರಡು ತಿಂಗಳು ಮಾಡಿದ ಗರುಡನನ್ನು ತೋರಿಸಲು ನಮಿತಾಳನ್ನು ಕರೆದುಕೊಂಡು ಹೋದರೆ, ಅದು ಆಗಲೇ ಕಸದ ಲಾರಿಯಲ್ಲಿತ್ತು. ಮಗು ಕೆಳಗೆ ಬಿದ್ದಿದ್ದ ಒಂದು ಬೆರಳು ಹೆಕ್ಕಿ, ಅಮ್ಮಾ, ನೀನು ಮಾಡಿದ್ದು ಇಷ್ಟೇನಾ ಎಂದು ತಮಿಳಿನಲ್ಲಿ ಕೇಳಿತು.

ಈ ವರ್ಷ ಮಾಧವರಂನ ಒಂದು ಕಾಲನಿಯವರು ಪಾರ್ಕಿಗೆ ಸಿಮೆಂಟಿನ ಹಸು ಕರು ಬೇಕೆಂದು ಬಂದರು. ಮೇಸ್ತ್ರಿಗಳಿಗೆ ಈಗ ಕಣ್ಣು ಮಂಜು. ನೀನೇ ಮಾಡು ಅಂದರು. ಕಂಬಿ ಕಟ್ಟುವುದರಿಂದ ಹಿಡಿದು ಎಲ್ಲ ನಾನೇ ಮಾಡಿದೆ. ಹಸು ತಿರುಗಿ ಕರುವನ್ನು ನೆಕ್ಕುತ್ತದೆ. ಆ ಕತ್ತಿನ ತಿರುವು ಸರಿಬರದೆ ಮೂರು ಸಲ ಕಿತ್ತು ಹಾಕಿದೆ. ಡೈರಿಗೆ ಹಾಲು ಹಾಕುವ ಒಬ್ಬ ಮುದುಕ ಬಂದು ಅದರ ಕೊರಳಡಿ ಜೋಲುವ ಗಂಗೆದೊಗಲನ್ನು ಬಹಳ ಹೊತ್ತು ಸವರಿದ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಕೋಪ ಮಾಡಬೇಡಿ.

ಉದ್ಘಾಟನೆಗೆ ಹೋದರೆ, ಅಮೃತಶಿಲೆಯ ಫಲಕದ ಮೇಲೆ ಕಮಿಟಿಯ ಐದೂ ಜನರ ಹೆಸರು. ಮಾಡಿದವಳದ್ದಿಲ್ಲ. ಮರುದಿನ ಉಳಿ ತೆಗೆದುಕೊಂಡು ಹೋಗಿ ಹಸುವಿನ ಹಿಂಗಾಲ ಬಳಿ ಕನ್ನಡದಲ್ಲಿ ‘ಚಂದ್ರಮತಿ’ ಎಂದು ಕೆತ್ತಿದೆ. ಸೆಕ್ರೆಟರಿ ಸುಶಮೀಂದ್ರ ರಾಯರು ಕನ್ನಡದವರೇ. ‘ಕೂಲಿ ಕೊಟ್ಟಾಯ್ತಲ್ಲಮ್ಮ, ನಾಳೆ ಪೇಂಟರೂ ಹೆಸರು ಬರೀತಾನೆ’ ಅಂದರು. ‘ಬರೆಯಲಿ ರಾಯರೇ, ಅವನೂ ದುಡಿದಿದ್ದಾನಲ್ಲ’ ಅಂದೆ. ವಾರದೊಳಗೆ ಸಿಮೆಂಟ್ ಮೆತ್ತಿಸಿದರು. ಬಸ್ಸು ಹಿಡಿದು ಹೋಗಿ ಮತ್ತೆ ಕೆತ್ತಿದೆ. ಮತ್ತೆ ಮುಚ್ಚಿದರು, ಮತ್ತೆ ಕೆತ್ತಿದೆ. ಆ ಸಲ ರಾಯರು ಕೊಡೆ ಹಿಡಿದು ನೋಡುತ್ತ ನಿಂತರು. ಈಗ ನನ್ನ ಹೆಸರು ಅಲ್ಲಿ ಉಂಟು. ಇನ್ನು ಯಾರೂ ಮುಟ್ಟುವುದಿಲ್ಲ.

ಆದ್ದರಿಂದ ನಾನು ಬರುವುದಿಲ್ಲ. ನೀವು ಬಂದರೆ ಬಾಗಿಲು ತೆರೆದೇ ಉಂಟು, ಷರತ್ತು ಮಾತ್ರ ತರಬೇಡಿ.

ಇಂತಿ,
ಚಂದ್ರಮತಿ

ಮತ್ತೊಂದು ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಮೊನ್ನೆ ಮೂರನೇ ಸಲವೂ ಮುಚ್ಚಿ, ಮೇಲೆ ಬಣ್ಣ ಬಳಿದಿದ್ದಾರೆ. ನಿಮ್ಮೆದುರು ಗೆದ್ದವಳ ಹಾಗೆ ಕಾಣಬೇಕು ಅನ್ನಿಸಿತು. ಗೆದ್ದಿಲ್ಲ. ಈ ಕಾಗದ ಪೆಟ್ಟಿಗೆಗೆ ಹಾಕಿ ಅಲ್ಲಿಗೇ ಹೊರಟಿದ್ದೇನೆ. ನಮಿತಾ ತಾನೂ ಬರುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳಿಗೆ ಕನ್ನಡ ಬರೆಯಲು ಬಾರದಲ್ಲ, ನಿನ್ನೆಯಿಡೀ ಕೂತು ನನ್ನ ಹೆಸರಿನ ನಾಲ್ಕು ಅಕ್ಷರ ತಿದ್ದಿ ಕಲಿತಳು. ಈ ಸಲ ಉಳಿ ಅವಳ ಕೈಗೆ ಕೊಡುತ್ತೇನೆ.